ಸೊಪ್ಪಿನಬೆಟ್ಟದಲ್ಲಿ ದಾರಿ ತಪ್ಪಿದ ಸಂಜೆ

ಕಳೆದ ಕಾರ್ತಿಕದಲ್ಲಿ ತೀರ್ಥಹಳ್ಳಿ ಸೀಮೆಯ ಅತ್ತೆಮನೆಗೆ ಹೋಗಿದ್ದಾಗ, ಹೆಂಡತಿ, ಮಗಳು ಮತ್ತು ಮನೆಯ ನಾಯಿ ಕರಿಯನೊಂದಿಗೆ ತೋಟದ ಹಿಂದಿನ ಸೊಪ್ಪಿನಬೆಟ್ಟ ಹತ್ತಿದೆ. ಅಡಿಕೆ ತೋಟಕ್ಕೆ ಸೊಪ್ಪು, ತರಗೆಲೆ ಒದಗಿಸುವ ಈ ಕಾಡಿನಲ್ಲಿ ಸೊಪ್ಪು ಕಡಿಯುವವರ ಕಾಲುದಾರಿಗಳೂ ದನಗಳು ತುಳಿದ ಜಾಡುಗಳೂ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ, ಅರ್ಧ ಗಂಟೆಯೊಳಗೆ ನಮಗೆ ದಿಕ್ಕು ತಪ್ಪಿತು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಇಂಬಳದ, ಅಂದರೆ ಕಾಡಿನ ಜಿಗಣೆಯ, ಜೊಲ್ಲು ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲವೆಂದು ಗೊತ್ತಿದ್ದರೂ, ಮಗಳ ಹಿಮ್ಮಡಿಯಿಂದ ಇಳಿಯುತ್ತಿದ್ದ ಸಣ್ಣ ಕೆಂಪು ಗೆರೆಯನ್ನು ಕಂಡು ನನ್ನ ಧೈರ್ಯ ಕುಸಿಯಿತು.

“ಹಗ್ಗ ಬಿಟ್ಟುಬಿಡಿ, ಅದಕ್ಕೆ ಮನೆ ಗೊತ್ತು” ಎಂದಳು ಹೆಂಡತಿ. ಕರಿಯ ನೆಲ ಮೂಸುತ್ತ, ನಾವು ಬಂದ ದಾರಿಯನ್ನೇ ಬಿಟ್ಟು ಒಣಹಳ್ಳಕ್ಕಿಳಿದು, ಆಗಾಗ ನಿಂತು ನಮ್ಮತ್ತ ತಿರುಗಿ ನೋಡುತ್ತ ನಡೆಯಿತು. ಕತ್ತಲಾಗುವ ಹೊತ್ತಿಗೆ ಅಡಿಕೆ ಬೇಯಿಸುವ ಹೊಗೆಯ ವಾಸನೆ ಬಂತು. ಒಲೆಯ ಪಕ್ಕದಲ್ಲಿ ಅತ್ತೆ ಟಾರ್ಚ್ ಹಿಡಿದು ನಿಂತಿದ್ದರು.