ನೀರು ನೋಡಿ ಹಕ್ಕಿ ಹೇಳೋದು

ನಾವು ಓದುವಾಗ ಕಾಲೇಜಿನಲ್ಲಿ ಹಕ್ಕಿ ನೋಡುವವರ ಸಂಘ ಅಂತ ಏನೂ ಇರಲಿಲ್ಲ. ಎನ್‌ಎಸ್‌ಎಸ್ ಇತ್ತು, ಕನ್ನಡ ಸಂಘ ಇತ್ತು, ಕ್ರಿಕೆಟ್ ಅಂತೂ ಇದ್ದೇ ಇತ್ತು. ಹಕ್ಕಿ ಬೇಕೆಂದರೆ ಮೈಸೂರಿನ ಕುಕ್ಕರಹಳ್ಳಿ ಕೆರೆ, ಜೊತೆಗೆ ಸಸ್ಯಶಾಸ್ತ್ರ ವಿಭಾಗದ ಅಟೆಂಡರ್ ಅಣ್ಣ. ತೊಂಬತ್ತರ ದಶಕದ ಕೊನೆಯ ಮಾತು ಇದು. ನಮ್ಮ ಹಾಸ್ಟೆಲ್ ಸರಸ್ವತಿಪುರಂನಲ್ಲಿತ್ತು. ಬೆಳಿಗ್ಗೆ ಬೇಗ ಎದ್ದರೆ ತಿಂಡಿಗೆ ಮೊದಲು ಕೆರೆಗೆ ಹೋಗಿ ಬರಬಹುದಿತ್ತು. ವಾರ್ಡನ್ ಮೇಡಂಗೆ ‘ವಾಕಿಂಗ್’ ಅಂದರೆ ಸಾಕು, ಗೇಟು ತೆಗೆಯುತ್ತಿತ್ತು.

ಅಣ್ಣನದು ಮದ್ದೂರಿನ ಹತ್ತಿರದ ಹಳ್ಳಿ. ಹರ್ಬೇರಿಯಂ ಹಾಳೆಗೆ ಗಿಡ ಅಂಟಿಸುವುದು, ಮೈಕ್ರೋಸ್ಕೋಪ್ ಒರೆಸಿಡುವುದು ಅವರ ಕೆಲಸ. ದಿನಾ ಕೆರೆಯ ದಡದಲ್ಲೇ ನಡೆದು ಡ್ಯೂಟಿಗೆ ಬರುತ್ತಿದ್ದರು. ಬೈನಾಕ್ಯುಲರ್ ಇಲ್ಲ, ಪುಸ್ತಕ ಇಲ್ಲ. ನಾವು ಹುಡುಗಿಯರು ಏನಾದರೂ ಹಾರಿದ ಕೂಡಲೇ ಅತ್ತ ಬೆರಳು ಮಾಡುತ್ತಿದ್ದೆವು. ಅವರು ಮೊದಲು ನೋಡುತ್ತಿದ್ದದ್ದು ಕೆರೆಯ ಅಂಚನ್ನು. ಕಲ್ಲಿನ ಮೇಲೆ ನೀರಿನ ಗುರುತು ಎಲ್ಲಿದೆ, ಕೆಸರು ಎಷ್ಟು ಕಂಡಿದೆ, ಅಷ್ಟೇ. ಆಮೇಲೆ, “ಮೊಣಕಾಲುದ್ದ ನೀರೈತೆ ಕಣವ್ವ. ಬಣ್ಣದ ಕೊಕ್ಕರೆ ಬಂದಿರ್ತವೆ, ಆ ಮೂಲೇಲಿ ನೋಡು” ಅನ್ನುತ್ತಿದ್ದರು. ಬಹಳ ಸಲ ಇರುತ್ತಿದ್ದವು.

ಇದರಲ್ಲಿ ಮಂತ್ರ ಏನಿಲ್ಲ. ಬಣ್ಣದ ಕೊಕ್ಕರೆ ಮೀನನ್ನು ಕಣ್ಣಿಂದ ಹುಡುಕುವುದಕ್ಕಿಂತ ಕೊಕ್ಕಿಂದ ಹುಡುಕುವುದೇ ಜಾಸ್ತಿ. ಅರ್ಧ ಬಾಯಿ ತೆರೆದು ಕೊಕ್ಕನ್ನು ನೀರಿಗಿಳಿಸಿ ಆ ಕಡೆ ಈ ಕಡೆ ಆಡಿಸುತ್ತಾ ನಡೆಯುತ್ತದೆ, ಕಾಲಲ್ಲಿ ಕೆಸರು ಕದಡುತ್ತದೆ. ಮೀನು ತಗುಲಿದ ತಕ್ಷಣ ಕೊಕ್ಕು ಮುಚ್ಚುತ್ತದೆ. ನಡೆಯುವಷ್ಟು ನೀರಿದ್ದರೆ ಮಾತ್ರ ಈ ಕೆಲಸ ಆಗುತ್ತದೆ. ಕೆರೆ ತುಂಬಿದರೆ ಅದು ದಡಕ್ಕೆ ಸರಿಯಬೇಕು, ಇಲ್ಲವೇ ಬೇರೆ ಕೆರೆ ನೋಡಿಕೊಳ್ಳಬೇಕು. ಹೆಜ್ಜಾರ್ಲೆಗೆ (ಪೆಲಿಕನ್) ಆ ಚಿಂತೆ ಇಲ್ಲ. ಅದು ತೇಲಿಕೊಂಡೇ ಚೀಲದಂಥ ಗಲ್ಲದಲ್ಲಿ ಮೀನು ಮೊಗೆಯುತ್ತದೆ. ಹಾವಕ್ಕಿಗೆ ಮುಳುಗುವಷ್ಟು ಆಳ ಬೇಕು. ಅದು ಮೈಯೆಲ್ಲ ನೀರೊಳಗಿಟ್ಟು ಕತ್ತು ಮಾತ್ರ ಮೇಲೆ ಮಾಡಿ ಈಜುತ್ತಿದ್ದರೆ, ಹೊಸದಾಗಿ ಬಂದ ಜೂನಿಯರ್‌ಗಳು ‘ಹಾವು, ಹಾವು’ ಅಂತ ಕೂಗುತ್ತಿದ್ದರು. ಅದರ ಗರಿಗೆ ನೀರು ಹತ್ತುತ್ತದೆ, ಹಾಗಾಗಿ ಮೀನು ಹಿಡಿದಾದ ಮೇಲೆ ಕೊಂಬೆ ಹತ್ತಿ ರೆಕ್ಕೆ ಹರಡಿ ಒಣಗಿಸಿಕೊಳ್ಳಲೇಬೇಕು. ನೀರುಕಾಗೆಯದೂ ಅದೇ ಪಾಡು.

ಈ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರ್ 1864ರಲ್ಲಿ ಕಟ್ಟಿಸಿದರು. 1960ರಲ್ಲಿ ಪಕ್ಕದಲ್ಲಿ ಮಾನಸಗಂಗೋತ್ರಿ ಬಂತು. ಕುವೆಂಪು ಅವರು ಇಲ್ಲಿ ತಿರುಗಾಡುತ್ತಿದ್ದರು ಅನ್ನುವುದನ್ನು ಮೈಸೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ನಾನು ಬೇರೆ ಹೇಳಬೇಕಾಗಿಲ್ಲ. ಕೆರೆಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆಯ ವಿಷಯ ಮಾತ್ರ ಅಷ್ಟು ಜನಕ್ಕೆ ಗೊತ್ತಿಲ್ಲ. ಊರು ಬೆಳೆದ ಹಾಗೆ ಅದು ಅಲ್ಲಲ್ಲಿ ಮುಚ್ಚಿಕೊಂಡಿತು. ಹಕ್ಕಿ ಕಡಿಮೆಯಾದವು ಅಂತ ವಾಕಿಂಗ್‌ನವರು ಗೊಣಗುವಾಗ ನನಗೆ ನಾಲೆ ನೆನಪಾಗುತ್ತದೆ.

ಮಳೆಗಾಲ ಮುಗಿದು ದೀಪಾವಳಿ ಕಳೆಯುವ ಹೊತ್ತಿಗೆ ಕೆರೆ ತುಂಬಿರುತ್ತಿತ್ತು. ಆಗ ಗುಳುಮುಳುಕ, ನಾಮದ ಕೋಳಿ, ನೀರುಕಾಗೆಗಳ ರಾಜ್ಯ. ಸಂಕ್ರಾಂತಿ ದಾಟಿದ ಮೇಲೆ ನೀರು ಹಿಂದೆ ಸರಿಯುತ್ತಿತ್ತು, ಪ್ರತಿ ವಾರವೂ ಸ್ವಲ್ಪ ಹೊಸ ಕೆಸರು. ಆ ಕೆಸರಿಗೆ ಗದ್ದೆಗೊರವಗಳು ಬರುತ್ತಿದ್ದವು. ಸೈಬೀರಿಯಾದಂಥ ಕಡೆಯಿಂದ ಹಾರಿಬಂದು, ಮೈಸೂರಿನ ಒಂದು ಅಂಗೈಯಗಲ ಕೆಸರಿನಲ್ಲಿ ಹುಳ ಹೆಕ್ಕುವ ಹಕ್ಕಿಗಳು. ನೋಡಲಿಕ್ಕೆ ಬೂದು, ಕಂದು, ಚುಕ್ಕೆ. ಕ್ಯಾಮೆರಾದವರು ಯಾರೂ ಅವುಗಳ ಹತ್ತಿರ ನಿಲ್ಲುತ್ತಿರಲಿಲ್ಲ, ಈಗಲೂ ನಿಲ್ಲುವುದಿಲ್ಲ. ನನಗೆ ಮಾತ್ರ ಕೆರೆಯಲ್ಲಿ ಎಲ್ಲಕ್ಕಿಂತ ಅವೇ ಇಷ್ಟ. ಅವು ಬಂದಿವೆ ಅಂದರೆ ನೀರು ಎಷ್ಟು ಇಳಿದಿದೆ ಅಂತ ಹಾಸ್ಟೆಲ್ ರೂಮಿನಲ್ಲಿ ಕೂತೇ ಹೇಳಬಹುದಿತ್ತು. ಮಾರ್ಚಿ, ಏಪ್ರಿಲ್‌ನಲ್ಲಿ ಮೆಟ್ಟುಗಾಲ ಹಕ್ಕಿಗಳು ಕೆಂಪು ಕಾಲು ಎತ್ತೆತ್ತಿ ಇಡುತ್ತಿದ್ದವು. ನಮಗೆ ಅದು ಪರೀಕ್ಷೆಯ ಕಾಲ. ಕಿಟಕಿಯಾಚೆ ಕಂಚುಕುಟಿಗ ಬೆಳಗಿಂದ ಸಂಜೆವರೆಗೆ ‘ಟೊಂಕ್ ಟೊಂಕ್’ ಅನ್ನುತ್ತಿತ್ತು. ಇನಾರ್ಗ್ಯಾನಿಕ್ ಕೆಮಿಸ್ಟ್ರಿ ತಲೆಗೆ ಹತ್ತದಿರುವುದಕ್ಕೆ ಆ ಹಕ್ಕಿಯೇ ಕಾರಣ ಅಂತ ನನ್ನ ರೂಮ್‌ಮೇಟ್ ಇವತ್ತಿಗೂ ಹೇಳುತ್ತಾಳೆ.

ಕ್ಯಾಂಪಸ್ ಒಳಗೂ ಬೇಕಾದಷ್ಟಿತ್ತು. ಮಳೆಮರದ ಪೊಟರೆಯಲ್ಲಿ ಒಂದು ಜೋಡಿ ಗೂಬೆ, ಲೈಬ್ರರಿ ಹಿಂದೆ ಮುಂಗುಸಿ, ಕ್ಯಾಂಟೀನ್ ಸುತ್ತ ಹರಟೆಮಲ್ಲಗಳ ಗಲಾಟೆ. ಸಿಂಪಿಗವೊಂದು ಆಫೀಸಿನ ಎದುರಿನ ಕ್ರೋಟನ್ ಎಲೆಗಳನ್ನೇ ಹೊಲಿದು ಗೂಡು ಮಾಡಿತ್ತು. ಮಾಲಿ ಆ ಗಿಡವನ್ನು ಕತ್ತರಿಸಲಿಲ್ಲ. ಸುಮ್ನೆ ಬಿಟ್ಟರು. ಅದಕ್ಕೆ ಯಾರೂ ಸರ್ಕ್ಯುಲರ್ ಹೊರಡಿಸಬೇಕಾಗಿ ಬರಲಿಲ್ಲ.

ಒಂದು ಭಾನುವಾರ ಅಣ್ಣ ನಮ್ಮನ್ನೆಲ್ಲ ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋದರು. ಬೆಂಗಳೂರು ಬಸ್ಸಿನಲ್ಲಿ ಹೋಗಿ ಮಧ್ಯೆ ಇಳಿದು, ಅಲ್ಲಿಂದ ಟೆಂಪೋ. ಆ ಊರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಕಾಡಿನಲ್ಲಲ್ಲ, ಮನೆಗಳ ನಡುವಿನ ಹುಣಸೆ ಮರಗಳಲ್ಲಿ, ಅರಳಿ ಮರಗಳಲ್ಲಿ. ಕೆಳಗೆ ಎಮ್ಮೆ ಕಟ್ಟಿರುತ್ತಾರೆ, ಮೇಲೆ ಆಳೆತ್ತರದ ರೆಕ್ಕೆಯ ಹಕ್ಕಿ ಮರಿಗೆ ಮೀನು ಕೊಡುತ್ತಿರುತ್ತದೆ. ವಾಸನೆ ಅಂದರೆ ವಾಸನೆ! ನಮ್ಮಲ್ಲಿ ಇಬ್ಬರು ಕರ್ಚೀಫು ತೆಗೆಯಲೇ ಇಲ್ಲ. ಊರಿನವರು ಮರದ ಬುಡದಲ್ಲಿ ಗುಂಡಿ ತೋಡಿ, ಹಿಕ್ಕೆ ಬೀಳುವ ಕಡೆ ಕೆರೆಗೋಡು ಹಾಕಿ, ಅದನ್ನು ಗೊಬ್ಬರ ಮಾಡಿ ಹೊಲಕ್ಕೆ ಒಯ್ಯುತ್ತಾರೆ. ಮರದ ಹುಣಸೆಹಣ್ಣು ಹಾಳಾಗುವುದಿಲ್ಲವೇ ಅಂತ ನಾನು ಒಬ್ಬ ಅಜ್ಜಿಯನ್ನು ಕೇಳಿದೆ. “ಆಯ್ತದೆ. ಬಾಣಂತನಕ್ಕೆ ಬಂದ ಮಗಳಿಗೆ ಖರ್ಚು ಲೆಕ್ಕ ಹಾಕಾಕಾಯ್ತದಾ?” ಅಂದರು. ಗೂಡಿನಿಂದ ಬಿದ್ದ ಮರಿಗಳನ್ನು ಒಂದು ಬೇಲಿಯೊಳಗೆ ಬಿಟ್ಟು ಮೀನು ಹಾಕಿ ಸಾಕುತ್ತಿದ್ದರು. ಸುತ್ತಲ ಕೆರೆಗಳಲ್ಲಿ ನೀರಿಲ್ಲದ ವರ್ಷ ಗೂಡು ಕಡಿಮೆ, ಅಂತ ಅಣ್ಣ ಅಲ್ಲೂ ನೀರಿಗೇ ಬಂದರು. ಈ ಹಕ್ಕಿಗಳು ಊರಲ್ಲಿ ಮಲಗುತ್ತವೆ, ಊಟ ಮಾತ್ರ ಶಿಂಷಾ ಹೊಳೆಯಲ್ಲಿ, ದೂರದ ಕೆರೆಗಳಲ್ಲಿ. 2007ರಲ್ಲಿ ಅದು ಸಮುದಾಯ ಸಂರಕ್ಷಿತ ಪ್ರದೇಶ ಆಯಿತು. ಪೇಪರಿನಲ್ಲಿ ಓದಿದಾಗ, ಊರವರು ಎಂದಿನಿಂದಲೋ ಮಾಡುತ್ತಿದ್ದ ಕೆಲಸಕ್ಕೆ ಈಗ ಒಂದು ಬೋರ್ಡು ಬಂತು ಅನ್ನಿಸಿತು.

ರಂಗನತಿಟ್ಟಿಗೆ ಎಲ್ಲರೂ ಹೋಗಿರುತ್ತೀರಿ. ದೋಣಿ, ಮೊಸಳೆ, ಫೋಟೋ. ಅಲ್ಲಿನ ನಡುಗಡ್ಡೆಗಳು ಆದದ್ದು ಹದಿನೇಳನೇ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಒಂದು ಅಣೆಯಿಂದ. ಪಕ್ಷಿತಜ್ಞ ಸಲೀಂ ಅಲಿ ಬಂದು ನೋಡಿ ಮಹಾರಾಜರಿಗೆ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮ ಆಯಿತು. 2022ರಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್‌ಸಾರ್‌ಗೂ ಸೇರಿತು, ಕರ್ನಾಟಕದಲ್ಲಿ ಅದೇ ಮೊದಲು. ಆದರೆ ಅಲ್ಲಿ ಯಾರು ಉಳಿಯಬೇಕು ಅಂತ ತೀರ್ಮಾನ ಮಾಡುವುದು ಮೇಲಿನ ಕೆಆರ್‌ಎಸ್. ಹೊಳೆಯ ರೀವ (ಟರ್ನ್) ಹಕ್ಕಿಗಳು ಬೇಸಿಗೆಯಲ್ಲಿ ಬರೀ ಬಂಡೆಯ ಮೇಲೆ, ಮರಳಿನ ಮೇಲೆ ಮೊಟ್ಟೆ ಇಡುತ್ತವೆ. ಗೂಡು ಅಂತ ಒಂದು ಕಡ್ಡಿಯನ್ನೂ ಇಡುವುದಿಲ್ಲ. ಅಣೆಕಟ್ಟೆಯಿಂದ ಜಾಸ್ತಿ ನೀರು ಬಿಟ್ಟರೆ ತಗ್ಗಿನ ಬಂಡೆಗಳು ಮುಳುಗಿದವು ಅಂತಲೇ ಲೆಕ್ಕ. ದೋಣಿಯವರಿಗೆ ಇದು ಚೆನ್ನಾಗಿ ಗೊತ್ತು. ಮೊಸಳೆ ಎಲ್ಲಿ ಅಂತ ಕೇಳುವ ಬದಲು ನೀರು ಯಾವಾಗ ಬಿಟ್ಟರು ಅಂತ ಒಮ್ಮೆ ಕೇಳಿ ನೋಡಿ, ಮಾತು ಬೇರೆಯೇ ಆಗುತ್ತದೆ.

ಡಿಗ್ರಿ ಮುಗಿಯಿತು, ಬ್ಯಾಂಕ್ ಪರೀಕ್ಷೆ ಪಾಸಾಯಿತು. ಊರೂರು ಸುತ್ತಿ ಈಗ ಕುಂದಾಪುರದಲ್ಲಿದ್ದೇನೆ. ಮನೆಯಿಂದ ಸ್ವಲ್ಪ ನಡೆದರೆ ಹಿನ್ನೀರು. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿ ಐದು ನದಿಗಳು ಕೂಡಿ ಕಡಲಿಗೆ ಹೋಗುವ ಜಾಗ ಅದು. ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಆಚೆ ಗಂಗೊಳ್ಳಿಯ ದೋಣಿಗಳು, ಮೇಲೆ ಗರುಡ. ಮೈಸೂರಿನಲ್ಲಿ ಗರುಡ ಕಂಡರೆ ಕೈ ಮುಗಿಯುವವರಿದ್ದರು. ಇಲ್ಲಿ ಮೀನು ಇಳಿಸುವ ಹೊತ್ತಿಗೆ ಹತ್ತಾರು ಒಟ್ಟಿಗೆ ಸುತ್ತುತ್ತವೆ, ಯಾರು ಯಾರಿಗೆ ಅಂತ ಮುಗಿಯುವುದು?

ಮೊದಲ ಕೆಲವು ದಿನ ನನಗೆ ಇಲ್ಲಿಯ ಹಕ್ಕಿಗಳ ವರಸೆ ಹತ್ತಲಿಲ್ಲ. ಬೆಳಿಗ್ಗೆ ಕೆಸರು ತುಂಬ ಗೊರವಗಳು, ಮಧ್ಯಾಹ್ನ ಒಂದೂ ಇಲ್ಲ. ಮರುದಿನ ಅದೇ ಹೊತ್ತಿಗೆ ಹೋದರೆ ಜಾಗವೇ ನೀರು. ಆಮೇಲೆ ಅಣ್ಣನ ಹಾಗೆ ಕಲ್ಲಿನ ಗುರುತು ನೋಡತೊಡಗಿದೆ. ಕುಕ್ಕರಹಳ್ಳಿ ಕೆರೆ ಒಂದು ವರ್ಷದಲ್ಲಿ ಮಾಡುತ್ತಿದ್ದ ಕೆಲಸವನ್ನು ಕಡಲು ದಿನಕ್ಕೆ ಎರಡು ಸಲ ಮಾಡುತ್ತದೆ. ಸುಮಾರು ಆರು ಗಂಟೆ ಭರತ, ಆರು ಗಂಟೆ ಇಳಿತ. ಅದೂ ದಿನಾ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿಯೇ ಮುಂದಕ್ಕೆ ಹೋಗುತ್ತದೆ. ಸಂಕ್ರಾಂತಿಗೆ ಕಾಯಬೇಕಾಗಿಲ್ಲ, ಕಾಫಿ ಕುಡಿದು ಬರುವಷ್ಟರಲ್ಲಿ ಕೆಸರು ಕಾಣಿಸಿರುತ್ತದೆ. ಇಳಿತ ಶುರುವಾದ ಕೂಡಲೇ ಚಿಪ್ಪು ಹೆಕ್ಕುವ ಹೆಂಗಸರು ಇಳಿಯುತ್ತಾರೆ, ಅವರ ಬೆನ್ನಿಗೇ ಗೊರವಗಳು. ಬಂಡೆಗಳಿರುವ ಕಡೆ ಕಡಲಂಚಿನ ಬೆಳ್ಳಕ್ಕಿಯೂ ಸಿಗುತ್ತದೆ. ಒಂದು ಬಿಳಿ ಇದ್ದರೆ ಪಕ್ಕದಲ್ಲೇ ಇನ್ನೊಂದು ಕಡುಬೂದು, ಎರಡೂ ಒಂದೇ ಜಾತಿ. ಪಕ್ಕದ ಮನೆಯವರು ಮಾತ್ರ, “ಎಂತ ಕಾಂಬುದು ಮಾರಾಯ್ರೆ, ದಿನಾ ಅದೇ ಬೆಳ್ಳಕ್ಕಿ ಅಲ್ದಾ?” ಅಂತ ನಗುತ್ತಾರೆ.

ಚಳಿಗಾಲದಲ್ಲಿ ಕಂದುತಲೆಯ ಗಲ್ ಹಕ್ಕಿಗಳು ಬರುತ್ತವೆ. ಅವು ಮರಿ ಮಾಡುವುದು ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ. ಅದೇ ಕಾಲಕ್ಕೆ ನಂಜನಗೂಡು ಹತ್ತಿರದ ಹದಿನಾರು ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಇಳಿಯುತ್ತವೆ, ಅವೂ ಟಿಬೆಟ್, ಮಂಗೋಲಿಯಾ ಕಡೆಯವು. ಹಿಮಾಲಯ ದಾಟಿ ಬಂದು ಒಂದು ಹದಿನಾರಿಗೆ ಹೋಯಿತು, ಇನ್ನೊಂದು ಕುಂದಾಪುರಕ್ಕೆ. ಈ ವಿಷಯ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ರಿಟೈರ್ ಆಗಿ ಊರಲ್ಲಿ ಕಬ್ಬು ಬೆಳೆದುಕೊಂಡಿದ್ದಾರೆ. “ಅಲ್ಲಿ ನೀರು ಉಪ್ಪು ಅಲ್ವೇನವ್ವ? ಕುಡಿಯಾಕೆ ಎಲ್ಲಿಗೋಯ್ತವೆ?” ಅಂತ ಕೇಳಿದರು. ನಾನು ಪುಸ್ತಕ ತೆಗೆದು ನೋಡಿ ಮತ್ತೆ ಫೋನ್ ಮಾಡಿದೆ. ಗಲ್ ಹಕ್ಕಿಯ ಕಣ್ಣಿನ ಮೇಲೆ ಉಪ್ಪು ಸೋಸುವ ಗ್ರಂಥಿ ಇರುತ್ತದೆ, ಸೋಸಿದ ಉಪ್ಪುನೀರು ಮೂಗಿನಿಂದ ತೊಟ್ಟಿಕ್ಕುತ್ತದೆ ಅಂದೆ. “ನೋಡಪ್ಪಾ” ಅಂದು ಸುಮಾರು ಹೊತ್ತು ನಕ್ಕರು.

ಕೋಡಿ ಕಡಲತೀರದಲ್ಲಿ ಕಡಲಾಮೆಗಳೂ ಮೊಟ್ಟೆ ಇಡುತ್ತವೆ. ರಾತ್ರಿ ಬಂದು, ಭರತದ ನೀರು ಮುಟ್ಟದ ಎತ್ತರ ಹುಡುಕಿ, ಮರಳು ತೋಡಿ ಮೊಟ್ಟೆ ಮುಚ್ಚಿ ಹೋಗುತ್ತವೆ. ನೀರಿನ ಗೆರೆಯ ಲೆಕ್ಕ ಅವಕ್ಕೂ ಇದೆ. ಆ ಗೂಡಿಗೆ ಬಲೆ ಕಟ್ಟಿ ಕಾಯುವ ಹುಡುಗರನ್ನು ನೋಡಿದಾಗ ಬೆಳ್ಳೂರಿನ ಆ ಬೇಲಿ ನೆನಪಾಗುತ್ತದೆ.

ಈಗಿನ ವಿದ್ಯಾರ್ಥಿಗಳ ಕೈಯಲ್ಲಿ ಆ್ಯಪ್ ಇದೆ, ಕೂಗು ಕೇಳಿಸಿದರೆ ಹೆಸರು ಹೇಳುತ್ತದೆ. ಒಳ್ಳೆಯದೇ. ಆದರೂ ಫೆಬ್ರವರಿಯಲ್ಲಿ ಕುಕ್ಕರಹಳ್ಳಿಗೆ ಹೋದಾಗ ಸೂರ್ಯನಿಗೆ ಬೆನ್ನು ಮಾಡಿ ನಿಂತು ಮೊದಲು ಕೆಸರು ನೋಡಿ. ಡಿಸೆಂಬರ್ ರಜೆಯಲ್ಲಿ ಯಾರಾದರೂ ಕುಂದಾಪುರದ ಕಡೆ ಬಂದರೆ ನಮ್ಮ ಮನೆಗೆ ಬನ್ನಿ, ಇಳಿತದ ಹೊತ್ತು ಮೊದಲೇ ಕೇಳಿಕೊಂಡು ಹೊರಡಿ. ಭರತದಲ್ಲಿ ಬಂದು ಇಳಿದರೂ ಪರವಾಗಿಲ್ಲ. ಊಟ ಮಾಡಿಕೊಂಡು ಕಾಯೋಣ, ಆರು ಗಂಟೆ ತಾನೇ.