ಏನಾದರೂ ಸಿಕ್ಕರೆ?

ಶನಿವಾರದಿಂದ ಒಂದು ಪ್ರಶ್ನೆ ನನ್ನ ಕಿವಿ ಬಿಟ್ಟು ಹೋಗುತ್ತಿಲ್ಲ. "ಇ ಸಿ ಸಾಲೆ ಆಲ್ಗೊ?" ಸ್ಪ್ಯಾನಿಷ್‌ನಲ್ಲಿ ನಾಲ್ಕೇ ಪದ. ಏನಾದರೂ ಸಿಕ್ಕರೆ?

ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್‌ನ ಪೂರ್ವ ಭಾಗದ ಒಂದು ಚರ್ಚಿನ ಸಭಾಂಗಣದಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಬಗ್ಗೆ ಶಿಬಿರವಿತ್ತು. ಹೆಸರು ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು. ಪಕ್ಕದ ಮೇಜಿನಲ್ಲಿ ಪ್ರೊಮೊತೋರಾ ಕೂತಿದ್ದರು. ಅದೇ ಕೇರಿಯಲ್ಲಿ ಬದುಕಿ, ತರಬೇತಿ ಪಡೆದು, ನೆರೆಹೊರೆಯ ಹೆಂಗಸರಿಗೆ ಆರೋಗ್ಯದ ಮಾತು ಮುಟ್ಟಿಸುವವರನ್ನು ಇಲ್ಲಿ ಹಾಗೆ ಕರೆಯುತ್ತಾರೆ. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ. ಅವರ ಎದುರು ಕಂಕುಳಲ್ಲಿ ಕೂಸು ಎತ್ತಿಕೊಂಡ ಒಬ್ಬ ಹೆಂಗಸು. ಮನೆಗಳನ್ನು ಶುಚಿ ಮಾಡುವ ಕೆಲಸವಂತೆ.

ಆಕೆ ಎಲ್ಲವನ್ನೂ ಗಮನವಿಟ್ಟು ಕೇಳಿದಳು. ಇಪ್ಪತ್ತೊಂದು ದಾಟಿದ ಮೇಲೆ ಮೂರು ವರ್ಷಕ್ಕೊಮ್ಮೆ ಗರ್ಭಕಂಠದ ಜೀವಕೋಶಗಳನ್ನು ನೋಡುವ ಪ್ಯಾಪ್ ಪರೀಕ್ಷೆ, ಮೂವತ್ತರ ನಂತರ ಐದು ವರ್ಷಕ್ಕೊಮ್ಮೆ ಈ ಕ್ಯಾನ್ಸರ್ ತರುವ ವೈರಸ್ ಹುಡುಕುವ ಎಚ್‌ಪಿವಿ ಪರೀಕ್ಷೆಯೂ ಸಾಕು. 2024ರಿಂದ ಕ್ಲಿನಿಕ್ಕಿನಲ್ಲಿ ಎಚ್‌ಪಿವಿ ಪರೀಕ್ಷೆಯ ಮಾದರಿಯನ್ನು ತಾನೇ ತೆಗೆದುಕೊಡಲು ಅನುಮತಿಯಿದೆ ಎಂದಾಗ ಮುಖ ಸಡಿಲವಾಯಿತು. ಆಮೇಲೆ ಕೂಸನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಿಸಿ ಕೇಳಿದಳು: "ಏನಾದರೂ ಸಿಕ್ಕರೆ, ದೋನ್ಯಾ?" ದೋನ್ಯಾ ಎಂದರೆ ಅಮ್ಮಾ ಎಂದ ಹಾಗೆ.

ಬೇಗ ಸಿಕ್ಕರೆ ಗುಣವಾಗುತ್ತದೆ ಎಂಬ ಕರಪತ್ರದ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಸದ್ಯ, ಹೇಳಲಿಲ್ಲ. ಆಕೆ ಕೇಳಿದ್ದು ಅದನ್ನಲ್ಲ. ಸಿಕ್ಕ ಮೇಲೆ ದುಡ್ಡು ಯಾರು ಕೊಡುತ್ತಾರೆ, ಕೆಲಸ ಬಿಟ್ಟರೆ ಮನೆ ಹೇಗೆ ನಡೆಯುತ್ತದೆ, ಕಾಗದಪತ್ರ ತೋರಿಸು ಎಂದರೆ ಏನು ಮಾಡಲಿ? ಬಡ ಹೆಂಗಸರ ತಪಾಸಣೆಗೆ ಇಲ್ಲಿಯ ಕೇಂದ್ರ ಸರ್ಕಾರದ ಕಾರ್ಯಕ್ರಮ 1991ರಿಂದ ಇದೆ. ಹಾಗೆ ಪತ್ತೆಯಾದವರಿಗೆ ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್ ಮೂಲಕ ಚಿಕಿತ್ಸೆ ಕೊಡಲು 2000ದ ಕಾನೂನು ದಾರಿ ಮಾಡಿತು. ಆದರೆ ವಲಸೆಯ ಕಾಗದವಿಲ್ಲದವಳಿಗೆ ಆ ಬಾಗಿಲು ತೆರೆಯುವುದಿಲ್ಲ. ವಿಮೆಯಿಲ್ಲದವರ ಪ್ರಮಾಣ ಇಡೀ ದೇಶದಲ್ಲೇ ಅತಿ ಹೆಚ್ಚಿರುವುದು ಇದೇ ಟೆಕ್ಸಾಸಿನಲ್ಲಿ.

ಪ್ರೊಮೊತೋರಾ ಕರಪತ್ರವನ್ನು ಮಗುಚಿ ಇಟ್ಟರು. "ಮಿಹಾ, ಸಿಕ್ಕರೆ ನಾನು ನಿನ್ನ ಜೊತೆ ಬರುತ್ತೇನೆ. ಕೌಂಟಿ ಆಸ್ಪತ್ರೆಯ ಅರ್ಜಿಯನ್ನು ಇಬ್ಬರೂ ಕೂತು ತುಂಬೋಣ. ನನ್ನದನ್ನು ನಾನೊಬ್ಬಳೇ ತುಂಬಿದ್ದೆ." ಮಿಹಾ ಎಂದರೆ ಮಗಳೇ; ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಅವರಿಗೆ ಸ್ತನ ಕ್ಯಾನ್ಸರ್ ಆಗಿತ್ತೆಂದು ನನಗೆ ಆಗಲೇ ತಿಳಿದದ್ದು.

ಅಷ್ಟರಲ್ಲಿ ಶಿಬಿರದ ಮೇಲ್ವಿಚಾರಕ ಬಂದು, ಒಬ್ಬರಿಗೇ ಇಷ್ಟು ಹೊತ್ತು ಕೊಟ್ಟರೆ ಹೇಗೆ ಎಂದ. ಒಳ್ಳೆಯ ಹುಡುಗನೇ ಇರಬಹುದು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಈ ದೇಶದಲ್ಲಿ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದ, ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬಿಳಿಯ ಹೆಂಗಸರಿಗಿಂತ ಹೆಚ್ಚು ಬರುತ್ತದೆ. ಕಾರಣ ಕೇಳಿದರೆ ನಾಚಿಕೆ, ಸಂಪ್ರದಾಯ ಎನ್ನುವವರು ಬಹಳ. ನಾಚಿಕೆ ಇಲ್ಲವೆಂದಲ್ಲ. ಆದರೆ ಆ ಮೇಜಿನೆದುರು ನಾನು ಕಂಡದ್ದು ಮುಂದಿನದನ್ನೆಲ್ಲ ಲೆಕ್ಕ ಹಾಕುತ್ತಿದ್ದ ಹೆಂಗಸನ್ನು.

ಹಾಸನದ ನನ್ನ ಚಿಕ್ಕಮ್ಮ ಇದೇ ಕಾಯಿಲೆಯಲ್ಲಿ ತೀರಿಕೊಂಡಾಗ ಮನೆಯವರೆಲ್ಲ ಅಂದದ್ದು, "ನಾಚಿಕೆಯಿಂದ ಹೇಳಲೇ ಇಲ್ಲ." ನಾನೂ ಹಾಗೆಯೇ ನಂಬಿದ್ದೆ. ಈಗ ಅನಿಸುತ್ತಿದೆ, ಅಡುಗೆಮನೆಯಲ್ಲಿ ಒಂಟಿಯಾಗಿ ಅವಳೂ ಅದೇ ಲೆಕ್ಕ ಹಾಕಿರಬೇಕು. ಜೊತೆಗೆ ಬರುತ್ತೇನೆ ಎಂದು ನಮ್ಮಲ್ಲಿ ಯಾರೂ ಅನ್ನಲಿಲ್ಲ.

ಆ ಹೆಂಗಸು ಹೆಸರು ಬರೆಸಿದಳು. ಮಂಗಳವಾರ ಬೆಳಿಗ್ಗೆ ಪರೀಕ್ಷೆ. ಒಳಗೆ ಹೋದಾಗ ಕೂಸನ್ನು ಯಾರು ನೋಡಿಕೊಳ್ಳುತ್ತಾರೆ ಎಂದಳು. ನಾನು ಅರ್ಧ ದಿನ ರಜೆ ಹಾಕಿದ್ದೇನೆ.