ತಮಾಷೆ ಇದ್ದದ್ದು ನಡವಳಿ ಪುಸ್ತಕದಲ್ಲಿ

ಪ್ರಕಾಶನ ಸಂಸ್ಥೆಯೊಂದರಲ್ಲಿ ಹಸ್ತಪ್ರತಿ ತಿದ್ದುವುದು ನನ್ನ ಕೆಲಸ. ಈಚೆಗೆ ಕೈಗೆ ಬಂದದ್ದು ಒಂದು ಹಾಸ್ಯ ಕಾದಂಬರಿ. ಅರವತ್ತರ ದಶಕ, ಆಗಿನ ಮೈಸೂರು ರಾಜ್ಯದ ಒಂದು ಹಳ್ಳಿ. ನಾಯಕಿ ಊರಿನ ಯಾವ ಲೆಕ್ಕಕ್ಕೂ ಸೇರದ ಹೆಂಗಸು. ಮಾತು ಗಟ್ಟಿ, ಸಾವಿನ ಮನೆಯಲ್ಲೂ ನಗು ತಡೆಯಲಾರಳು. 1959ರ ಪಂಚಾಯಿತಿ ಕಾಯ್ದೆಯಲ್ಲಿ ಹೆಂಗಸರಿಗೆ ಮೀಸಲಾದ ಜಾಗಕ್ಕೆ ಬೇರೆ ಯಾರೂ ಒಪ್ಪದೆ, 'ಹೇಳಿದ ಕಡೆ ಸಹಿ ಹಾಕ್ತಾಳೆ ಬಿಡಿ' ಅಂತ ಯಜಮಾನರು ಅವಳನ್ನು ತಂದು ಕೂರಿಸುತ್ತಾರೆ.

ವಸ್ತು ಚೆನ್ನಾಗಿತ್ತು, ನಗು ಮಾತ್ರ ಬರುತ್ತಿರಲಿಲ್ಲ. ಲೇಖಕ ಚಿಕ್ಕ ವಯಸ್ಸಿನ ಹುಡುಗ. ಅವಳನ್ನು ಕುರ್ಚಿಯಿಂದ ಬೀಳಿಸಿದ್ದ, 'ಮೆಂಬರ್' ಅನ್ನೋದನ್ನು ತಪ್ಪುತಪ್ಪಾಗಿ ಹೇಳಿಸಿದ್ದ. ಪುಟಕ್ಕೆರಡು ಇಂಥವು. ಊರಿನವರ ಜೊತೆ ನಿಂತು ಲೇಖಕನೂ ಅವಳನ್ನು ಆಡಿಕೊಂಡರೆ ಓದುವವರಿಗೆ ನಗೋಕೆ ಏನು ಉಳಿಯಿತು? ನಾನು ಜೋಕು ತಿದ್ದಲಿಲ್ಲ. ಇಸವಿಗಳನ್ನು ತಿದ್ದೋಕೆ ಕೂತೆ.

ಕರಡಿನಲ್ಲಿ ಹದಿನೆಂಟು ತುಂಬಿದ ಅವಳ ಸೋದರಳಿಯ ಓಟು ಹಾಕಿ ಗೆಲ್ಲಿಸುತ್ತಿದ್ದ. ಆಗ ಮತದಾನಕ್ಕೆ ಇಪ್ಪತ್ತೊಂದು ಆಗಿರಬೇಕಿತ್ತು. ಲೋಕಸಭೆ, ವಿಧಾನಸಭೆ ಚುನಾವಣೆಗಳಿಗೆ ಅದು ಹದಿನೆಂಟಕ್ಕೆ ಇಳಿದದ್ದು 1989ರಲ್ಲಿ. ಅಂಚಿನಲ್ಲಿ ಅಷ್ಟು ಬರೆದು ಕಳಿಸಿದೆ. ಹುಡುಗ ಎರಡು ದಿನ ಮುನಿಸಿಕೊಂಡಿದ್ದು, ಆಮೇಲೆ ಹೊಸ ಅಧ್ಯಾಯವನ್ನೇ ಬರೆದ. ಎರಡನೇ ಚುನಾವಣೆಗೆ ಅವಳು ಕಾಲೇಜು ಹುಡುಗರನ್ನೆಲ್ಲ ಒಲಿಸಿಕೊಂಡು ತಿಂಗಳುಗಟ್ಟಲೆ ಮೆರವಣಿಗೆ ಮಾಡಿಸುತ್ತಾಳೆ, ಊರೆಲ್ಲ ಅವಳ ಹೆಸರೇ. ಹಿಂದಿನ ದಿನ ಮತದಾರರ ಪಟ್ಟಿ ತೆರೆದರೆ ಆ ಹುಡುಗರಲ್ಲಿ ಒಬ್ಬನ ಹೆಸರೂ ಇಲ್ಲ!

1962ರ ವಿಧಾನಸಭೆ ಚುನಾವಣೆಯ ಭಾಗದಲ್ಲಿ ಕಾಂಗ್ರೆಸ್ಸಿನ 'ಕೈ' ಮೇಲೆ ಒಂದಿಡೀ ಪುಟ ಶ್ಲೇಷೆ ಇತ್ತು. ಆಗಿನ ಗುರುತು ಜೋಡೆತ್ತು. ಪುಟ ಹೋಯಿತು. ಅದರ ಜಾಗಕ್ಕೆ ಪ್ರಚಾರದ ಗಾಡಿ ಬಂತು. ಅದರ ಒಂದು ಎತ್ತಿಗೆ ಹುಷಾರಿಲ್ಲ, ಒಂಟೆತ್ತು ಕಟ್ಟಿಕೊಂಡು ಹೋದರೆ ಬೇರೆ ಪಕ್ಷ ಅಂದುಕೊಳ್ತಾರೆ ಅಂತ ಕಾರ್ಯಕರ್ತರ ಜಗಳ.

ಶಾನುಭೋಗರ ಪಾತ್ರದಲ್ಲಿ ಇನ್ನೂ ದೊಡ್ಡ ಲಾಭವಾಯಿತು. ಕರಡಿನಲ್ಲಿ 1965ರಲ್ಲೂ ಅವರು ದರ್ಬಾರು ನಡೆಸುತ್ತಿದ್ದರು. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳನ್ನು ರದ್ದು ಮಾಡಿದ 1961ರ ಕಾಯ್ದೆ ಜಾರಿಗೆ ಬಂದದ್ದು 1963ರ ಫೆಬ್ರವರಿ 1ಕ್ಕೆ. ತಿದ್ದಿದ ಮೇಲೆ ಶಾನುಭೋಗರಿಗೆ ಹುದ್ದೆ ಇಲ್ಲ, ಆದರೆ ಲೆಕ್ಕದ ಪುಸ್ತಕಗಳೆಲ್ಲ ಅವರ ಅಟ್ಟದ ಮೇಲೇ ಇವೆ. ಹೊಸದಾಗಿ ಬಂದ ಗ್ರಾಮಲೆಕ್ಕಿಗ ಒಂದೊಂದು ಪಹಣಿಗೂ ಅವರ ಮನೆ ಜಗಲಿಯಲ್ಲಿ ಕಾಯಬೇಕು. 'ಸರ್ಕಾರ ನನ್ನ ಕೆಲಸ ತಗೊಂಡಿತು, ಅಟ್ಟ ತಗೊಳ್ಳಲಿಲ್ಲವಲ್ಲ' ಅನ್ನುವ ಆ ಮುದುಕನ ಮಾತು ನನಗೆ ಇವತ್ತಿಗೂ ಇಷ್ಟ.

ಇಷ್ಟಾದರೂ ನಾಯಕಿ ಸರಿಹೋಗಿರಲಿಲ್ಲ. ಅವಳು ಪೆದ್ದಿಯಲ್ಲ, ನಿಯಮವನ್ನು ಬರೆದ ಹಾಗೇ ನಂಬುವವಳು ಅಂತ ಮಾಡಿ ನೋಡೋಣ ಅಂದೆ. ಪಂಚಾಯಿತಿಯಲ್ಲಿ ನಿಯಮ ನಂಬುವವಳು ಒಬ್ಬಳೇ ಆದರೆ, ವಿಚಿತ್ರವಾಗಿ ಕಾಣುವವಳೂ ಅವಳೇ ಅಲ್ಲವೇ? ಹುಡುಗ ಬರೆದು ತಂದದ್ದು ಇದು. ಚೇರ್ಮನ್ನರ ಭಾವನ ಹೊಲದ ತನಕ ರಸ್ತೆ ಮಾಡಿಸುವ ಠರಾವು. ಕಾರ್ಯದರ್ಶಿ 'ಸರ್ವಾನುಮತದಿಂದ' ಅಂತ ಬರೆಯುತ್ತಿದ್ದಾನೆ.

'ನಾನ್ಯಾವಾಗ ಒಪ್ಪಿದೆ?'

'ಬೇಡ ಅಂದ್ರೇನಮ್ಮ?'

'ಅದೂ ಅಂದಿಲ್ಲ.'

'ಮತ್ತೆ ಏನಂತ ಬರ್ಕೊಳ್ಲಿ?'

'ಸುಮ್ಮನೆ ಕೂತಿದ್ರು ಅಂತ ಬರ್ಕೊಳಪ್ಪ. ಅಲ್ಲಿ ನಿದ್ದೆ ಮಾಡ್ತಿರೋರದ್ದನ್ನೂ ಹಾಗೇ ಬರಿ.'

ಅಲ್ಲಿಂದ ಮುಂದೆ ಪ್ರತಿ ಸಭೆಯ ನಡವಳಿಯಲ್ಲೂ ಯಾರು ತೂಕಡಿಸಿದರು, ಯಾರು ಎಲೆಯಡಿಕೆಗೆ ಎದ್ದುಹೋದರು ಎಲ್ಲವೂ ದಾಖಲು. ತಾಲ್ಲೂಕು ಆಫೀಸಿನವರು ತನಿಖೆಗೆ ಬಂದಾಗ ಆ ಪುಸ್ತಕ ಬಿಚ್ಚುತ್ತಾರೆ. ಆ ಅಧ್ಯಾಯಕ್ಕೆ ನಾನು ಒಂದು ಅಲ್ಪವಿರಾಮವನ್ನೂ ಮುಟ್ಟಲಿಲ್ಲ.

ಕಂದಾಯದ ಪ್ರಸಂಗವೂ ಹಾಗೇ ಹುಟ್ಟಿತು. 1957ರಲ್ಲಿ ನಯಾಪೈಸೆ ಬಂದ ಮೇಲೂ ಕೆಲವು ವರ್ಷ ಆಣೆ ಚಲಾವಣೆಯಲ್ಲಿತ್ತು. ನಾಲ್ಕಾಣೆಗೆ 25 ನಯಾಪೈಸೆ, ಅದರಲ್ಲಿ ತಕರಾರಿಲ್ಲ. ಆದರೆ ಸರ್ಕಾರಿ ಪಟ್ಟಿಯ ಪ್ರಕಾರ ಒಂದಾಣೆಗೆ 6, ಮೂರಾಣೆಗೆ 19. ಮೂರಾಣೆ ಬಾಕಿಯನ್ನು ಒಂದೊಂದಾಣೆಯಂತೆ ಮೂರು ಸಲ ಕಟ್ಟಿದರೆ 18ಕ್ಕೇ ಮುಗಿಯಿತು. ನಾಯಕಿ ಇದನ್ನು ಕಂಡುಹಿಡಿದು ಬಾವಿಕಟ್ಟೆಯಲ್ಲಿ ಸಾರುತ್ತಾಳೆ, ಮರುದಿನ ಬಿಲ್ ಕಲೆಕ್ಟರನ ಮುಂದೆ ಊರಿನ ಹೆಂಗಸರೆಲ್ಲ ಮೂರು ಮೂರು ಸರದಿ ನಿಲ್ಲುತ್ತಾರೆ. ಒಂದು ನಯಾಪೈಸೆಗಾಗಿ! ಪರಿವರ್ತನೆಯ ಆ ಪಟ್ಟಿ ತೆಗೆದು ನೋಡದೆ ಇದನ್ನು ಯಾರಿಂದಲೂ ಕಲ್ಪಿಸೋಕೆ ಆಗುತ್ತಿರಲಿಲ್ಲ.

ಎಲ್ಲಕ್ಕೂ ಅವನು ಒಪ್ಪಿದ ಅಂತಲ್ಲ. ಕುರ್ಚಿಯಿಂದ ಬೀಳುವ ದೃಶ್ಯ ಒಂದು ಕಡೆ ಉಳಿದಿದೆ, ಈಗ ಬೀಳುವುದು ಚೇರ್ಮನ್ನರು. ನನಗಿನ್ನೂ ಅದು ಬೇಡ ಅಂತಲೇ ಅನ್ನಿಸುತ್ತೆ, ಆದರೆ ಪುಸ್ತಕ ಅವನದು.

ಹುಡುಗ ಈಗ ಎರಡನೇ ಕಾದಂಬರಿಗೆ ಕೈ ಹಾಕಿದ್ದಾನೆ. 1987ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಚುನಾವಣೆಯ ಕಾಲ, ಹೆಂಗಸರಿಗೆ ಶೇಕಡಾ 25 ಮೀಸಲಾತಿ. ಕಥೆ ಏನು ಅಂತ ಇನ್ನೂ ಹೇಳಿಲ್ಲ. ಮೊನ್ನೆ ರಾತ್ರಿ ಹತ್ತೂವರೆಗೆ ಫೋನ್ ಮಾಡಿ, 'ಮೇಡಂ, ಮಂಡಲ ಪಂಚಾಯಿತಿಗೆ ಕೋರಂ ಎಷ್ಟು?' ಅಂತ ಕೇಳಿದ.